ಮೂರು ನುಡಿಗಳ ಪೇಟೆಯಲ್ಲಿ ಒಂದು ಮದುವೆಯ ಸಿದ್ಧತೆ

ಸೊಲ್ಲಾಪುರವನ್ನು ನೋಡಬಂದ ಪ್ರವಾಸಿಗರು ಸಾಮಾನ್ಯವಾಗಿ ಕೆರೆಯ ನಡುವಿನ ಸಿದ್ಧೇಶ್ವರ ದೇವಾಲಯವನ್ನು ಕಂಡು, ದಂಡೆಯ ಮೇಲಿನ ಭುಯಿಕೋಟ ಕೋಟೆಯನ್ನು ಸುತ್ತಿ, ಒಂದೆರಡು ಚಾದರುಗಳನ್ನು ಕೊಂಡು, ಪಂಢರಪುರಕ್ಕೋ ತುಳಜಾಪುರಕ್ಕೋ ನಮ್ಮ ಅಕ್ಕಲಕೋಟೆಗೋ ಹೊರಟುಬಿಡುತ್ತಾರೆ. ಅದು ದೇವಸ್ಥಾನವನ್ನು ಕಂಡಂತಾಯಿತೇ ಹೊರತು ಊರನ್ನು ಕಂಡಂತಾಗಲಿಲ್ಲ. ಊರೊಂದರ ಒಳಮನೆಯನ್ನು ನೋಡಬೇಕಾದರೆ ಅಲ್ಲಿ ಒಂದು ಮದುವೆಯ ಸಾಮಾನು ಕೊಳ್ಳಬೇಕು. ಅದೂ ಎರಡು ನುಡಿಗಳ, ಎರಡು ಕುಲಗಳ ನಡುವಿನ ಮದುವೆಯಾಗಿದ್ದರೆ ಯಾವ ಓಣಿಯೂ ಕಾಣದೆ ಉಳಿಯದು. ಕಳೆದ ಚಳಿಗಾಲದಲ್ಲಿ ನಮಗೆ ಅಂಥದೊಂದು ಯೋಗ ಒದಗಿತು.

ಬಾಳಿವೇಸಿನಲ್ಲಿರುವ ನಮ್ಮ ತಮ್ಮನ ಮಗಳಿಗೂ ಪೂರ್ವಭಾಗದ ಪದ್ಮಶಾಲಿ ಮನೆತನದ ಹುಡುಗನಿಗೂ ಲಗ್ನ ನಿಶ್ಚಯವಾಗಿತ್ತು. ಇಬ್ಬರೂ ಪುಣೆಯಲ್ಲಿ ನೌಕರಿಯಲ್ಲಿರುವವರು. ಹಬ್ಬಹುಣ್ಣಿಮೆಗೆ ಊರಿಗೆ ಬಂದು ಹಿಂದಿರುಗುವಾಗ ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ಸಿನಲ್ಲಿ ಆದ ಪರಿಚಯವಂತೆ. ಆ ಗಾಡಿಗೆ ಆ ಹೆಸರು ಬಂದದ್ದು 1931ರ ಜನವರಿ 12ರಂದು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದ ಸೊಲ್ಲಾಪುರದ ನಾಲ್ವರಿಂದ: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ. ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಓದಿದರೆ ಈ ಊರು ಯಾರು ಯಾರದೆಂಬುದು ತಾನೇ ತಿಳಿಯುತ್ತದೆ. ಆದರೂ ಗಲ್ಲಿಗೆ ಕೂಡಿ ಹೋಗುವುದು ಬೇರೆ, ಒಂದೇ ಪಂಕ್ತಿಯಲ್ಲಿ ಉಣ್ಣುವುದು ಬೇರೆ ಎಂದು ತಿಳಿದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ತಮ್ಮನ ಜೊತೆಯಲ್ಲಿರುವ ನಮ್ಮ ತಾಯಿಯವರೂ ಅವರಲ್ಲೊಬ್ಬರು.

2011ರ ಜನಗಣತಿಯಂತೆ ಒಂಬತ್ತೂವರೆ ಲಕ್ಷ ಜನರಿದ್ದ ಈ ನಗರದಲ್ಲಿ ಮೂರು ನುಡಿಗಳು ಮೂರು ದಿಕ್ಕು ಹಿಡಿದು ಕುಳಿತಿವೆ ಎಂದರೆ ತಪ್ಪಾಗದು. ಬಾಳಿವೇಸು, ಕುಂಬಾರವೇಸು, ಕಸಬೆಯ ಹಳೆಯ ಓಣಿಗಳಲ್ಲಿ ಕನ್ನಡ. ಅಶೋಕ ಚೌಕದಿಂದಾಚೆ ಮಗ್ಗಗಳ ಸದ್ದಿನ ನಡುವೆ ತೆಲುಗು. ಇವೆರಡನ್ನೂ ಕೂಡಿಸುವ ಅಂಗಡಿ, ಕಚೇರಿ, ಶಾಲೆಗಳಲ್ಲಿ ಮರಾಠಿ. 1956ರಲ್ಲಿ ರಾಜ್ಯಗಳು ಭಾಷಾವಾರಾಗಿ ವಿಂಗಡವಾದಾಗ ನಾವು ಈಚೆಯ ಮಗ್ಗುಲಿಗೆ ಉಳಿದೆವು, 1960ರಿಂದ ಮಹಾರಾಷ್ಟ್ರದವರಾದೆವು. ರಿಕ್ಷಾ ಓಡಿಸುವವನಿಗೆ ಮಾತ್ರ ಈ ವಿಂಗಡಣೆ ಇನ್ನೂ ಮುಟ್ಟಿಲ್ಲ. ನಾವು ಹತ್ತಿದ ರಿಕ್ಷಾದವನು ನಮ್ಮೊಡನೆ ಕನ್ನಡದಲ್ಲಿ ಬಾಡಿಗೆ ಚೌಕಾಸಿ ಮಾಡಿ, ಪೊಲೀಸನೊಡನೆ ಮರಾಠಿಯಲ್ಲಿ ವಾದಿಸಿ, ಎದುರು ಬಂದ ಗೆಳೆಯನನ್ನು ತೆಲುಗಿನಲ್ಲಿ ಬೈದ. ನಿನ್ನ ಮನೆಮಾತು ಯಾವುದಪ್ಪಾ ಎಂದು ಕೇಳಿದೆವು. "ಉರ್ದೂರಿ" ಎಂದ.

ಜವಳಿ ಕೊಳ್ಳುವುದಕ್ಕೆ ಇಲ್ಲಿ ‘ಬಸ್ತಾ’ ಎನ್ನುತ್ತಾರೆ. ಎರಡೂ ಕಡೆಯವರು ಕೂಡಿಯೇ ಹೋಗಬೇಕೆಂಬುದು ರೂಢಿ. ಮಧಲಾ ಮಾರುತಿಯ ಪೇಟೆಯಲ್ಲಿ ಅಂಗಡಿಯ ಬಿಳಿಯ ಗಾದಿಯ ಮೇಲೆ ಹದಿನಾಲ್ಕು ಜನ ಕುಳಿತು ಮೂರು ಸುತ್ತು ಚಹಾ ಕುಡಿದೆವು. ನಮ್ಮ ಹೆಂಗಸರು ಇಳಕಲ್ಲ ಸೀರೆಯ ಸೆರಗು ಹಿಡಿದರೆ, ಅವರು ಗದ್ವಾಲ ಸೀರೆಯ ಅಂಚು ಹಿಡಿದರು. ಅಂಗಡಿಯವನು ಇಬ್ಬರ ನಡುವೆ ಪೈಠಣಿ ಬಿಚ್ಚಿಟ್ಟ. ಹುಡುಗನ ಕಡೆಯವರಿಗೆ ಬಟ್ಟೆ ಮಾರುವುದು ಕಷ್ಟವೆಂಬುದು ಅಂದು ನಮಗೆ ಅರಿವಾಯಿತು. ನೇಯುವ ಕುಲದವರು ಅವರು. ಬಣ್ಣವನ್ನು ನೋಡುವ ಮೊದಲು ಸೀರೆಯನ್ನು ತಿರುವಿ ಹಿಂಬದಿಯ ಎಳೆ ನೋಡುತ್ತಾರೆ, ಅಂಚನ್ನು ಉಗುರಿನಿಂದ ಕೆರೆಯುತ್ತಾರೆ. ಹುಡುಗನ ತಾತ, ಎಂಬತ್ತು ದಾಟಿದವರು, ಕನ್ನಡಕವಿಲ್ಲದೆಯೇ ಒಂದು ಸೀರೆಯನ್ನು ಬೆರಳುಗಳ ನಡುವೆ ಉಜ್ಜಿ "ಇದು ಕೈಮಗ್ಗದ್ದಲ್ಲ" ಎಂದು ಮರಾಠಿಯಲ್ಲಿ ಹೇಳಿದಾಗ ಅಂಗಡಿಯವನು ಸುಮ್ಮನೆ ಅದನ್ನು ಮಡಿಚಿಟ್ಟ. ಅಂದಿನಿಂದ ನಮ್ಮ ತಮ್ಮನಿಗೆ ಆ ಮುದುಕರ ಮೇಲೆ ಅಪಾರ ಗೌರವ.

ಈ ತಾತನ ತಂದೆ ತೆಲಂಗಾಣದ ಕಡೆಯಿಂದ ಗಿರಣಿಯ ಕೆಲಸ ಹುಡುಕಿಕೊಂಡು ಬಂದವರು. 1870ರ ದಶಕದಲ್ಲಿ ಇಲ್ಲಿ ಮೊದಲ ನೂಲಿನ ಗಿರಣಿ ಎದ್ದ ಮೇಲೆ ಒಂದರ ಹಿಂದೊಂದು ಬಂದವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಂದರ ಹಿಂದೊಂದು ಮುಚ್ಚಿದವು. ಊರನ್ನು ಎಬ್ಬಿಸುತ್ತಿದ್ದ ಗಿರಣಿಯ ಭೋಂಗಾ ಈಗ ಹಿರಿಯರ ಕಿವಿಯಲ್ಲಿ ಮಾತ್ರ ಉಂಟು. ಗಿರಣಿ ನಿಂತಾಗ ಮನೆ ನಡೆಸಿದವರು ಹೆಂಗಸರು. ಪೂರ್ವಭಾಗದ ಓಣಿಗಳಲ್ಲಿ ಇಂದಿಗೂ ಹೊಸ್ತಿಲ ಮೇಲೆ ಮೊರ ಇಟ್ಟುಕೊಂಡು, ಕತ್ತರಿಯಿಂದ ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ ಬೀಡಿ ಕಟ್ಟುವ ತಾಯಂದಿರನ್ನು ಕಾಣಬಹುದು. ಹುಡುಗನ ತಾಯಿ ಹೀಗೆ ಬೀಡಿ ಕಟ್ಟಿಯೇ ಮಗನನ್ನು ಎಂಜಿನಿಯರ್ ಮಾಡಿದವರು. ಮಾತಾಡುವಾಗಲೂ ಅವರ ಬೆರಳುಗಳು ಇಲ್ಲದ ಎಲೆಯೊಂದನ್ನು ಸುತ್ತುತ್ತಿರುತ್ತವೆ.

ನಮ್ಮ ತಾಯಿಯವರು ಈ ಸಂಬಂಧಕ್ಕೆ ಬೇಡವೆಂದವರಲ್ಲ, ಹೂಂ ಎಂದವರೂ ಅಲ್ಲ. ಹದಿನೈದು ದಿನ ಮದುವೆಯ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದರು. ಅವರ ಚಿಂತೆ ಎರಡು: ಮೊಮ್ಮಗಳ ಕೊರಳಿನ ಲಿಂಗದ ಪೂಜೆ ಆ ಮನೆಯಲ್ಲಿ ನಡೆಯುವುದೆಂತು? ಮಾಂಸ ಬೇಯುವ ಒಲೆಯ ಮೇಲೆ ಆಕೆಯ ಅಡಿಗೆ ಎಂತು? ಇವು ಸಣ್ಣ ಪ್ರಶ್ನೆಗಳೆಂದು ಪುಣೆಯ ಮಕ್ಕಳು ನಗಬಹುದು. ನಮಗೆ ಹಾಗೆ ತೋರಲಿಲ್ಲ. ಎಂಬತ್ತು ವರ್ಷ ಒಂದು ದಿನವೂ ಬಿಡದೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜಿಸಿದವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದ್ದೀತು?

ಕೊನೆಗೆ ಯಾದಿ ಬರೆಯುವ ದಿನ ಅವರನ್ನೂ ಹುಡುಗನ ಮನೆಗೆ ಕರೆದುಕೊಂಡು ಹೋದೆವು. ಪಡಸಾಲೆಯ ಗೋಡೆಯ ಮೇಲೆ ಮಾರ್ಕಂಡೇಯನ ದೊಡ್ಡ ಪಟ. ಯಮನ ಪಾಶಕ್ಕೆ ಹೆದರಿ ಶಿವಲಿಂಗವನ್ನು ಎರಡೂ ಕೈಗಳಿಂದ ತಬ್ಬಿಕೊಂಡ ಆ ಬಾಲಕನೇ ಪದ್ಮಶಾಲಿಗಳ ಮೂಲಪುರುಷ. ನೂಲ ಹುಣ್ಣಿಮೆಯಂದು ಇಲ್ಲಿ ಅವನ ರಥ ಎಳೆಯುತ್ತಾರೆ. ತಾಯಿಯವರು ಪಟದ ಮುಂದೆ ಬಹಳ ಹೊತ್ತು ನಿಂತರು. "ಇವರ ಮನ್ಯಾಗೂ ಲಿಂಗ ಐತಲ್ಲೋ" ಎಂದರು. ಮತ್ತೆ ಸ್ವಲ್ಪ ತಡೆದು, "ಆದರ ಒಲಿ ಬ್ಯಾರೆ ಬೇಕು" ಎಂದರು. ಹುಡುಗನ ತಾಯಿಗೆ ಕನ್ನಡ ಅರ್ಥವಾಗುತ್ತದೆಂದು ನಮಗಾರಿಗೂ ಗೊತ್ತಿರಲಿಲ್ಲ. "ಬ್ಯಾರೆ ಒಲಿ ಇಡೋಣ್ರಿ ಅವ್ವಾ. ಪೂಜಾಕ್ಕ ಈ ಮೂಲಿ ಬಿಡತೀನಿ" ಎಂದು ಆಕೆ ಪಟದ ಕೆಳಗಿನ ಜಾಗ ತೋರಿಸಿದರು. ಬೀಡಿ ಕಂಪನಿಗೆ ಮಾಲು ಒಪ್ಪಿಸಲು ಹೋದಾಗ ಸಾಲಿನಲ್ಲಿ ಕೂಡುತ್ತಿದ್ದ ಕನ್ನಡದ ಹೆಂಗಸರಿಂದ ಕಲಿತ ಭಾಷೆಯಂತೆ ಅದು.

ಅಂದಿನಿಂದ ಇಬ್ಬರು ಬೀಗಿತ್ತಿಯರು ನೇರವಾಗಿಯೇ ಮಾತಾಡತೊಡಗಿದರು. ನಮ್ಮಂಥ ಗಂಡಸರ ಮಧ್ಯಸ್ಥಿಕೆಗೆ ಕೆಲಸವಿಲ್ಲವಾಯಿತು. ತಾಯಿಯವರ ಮೊದಲ ಪ್ರಶ್ನೆ ಐರಣಿಯ ಕುರಿತು. ಮದುವೆಗೆ ಮುನ್ನ ಕುಂಬಾರನ ಮನೆಯಿಂದ ಬಣ್ಣ ಬರೆದ ಗಡಿಗೆಗಳನ್ನು ವಾಲಗದೊಡನೆ ತರುವ ಪದ್ಧತಿ ನಮ್ಮದು. ತೆಲುಗರಿಗೆ ಇದನ್ನು ಹೇಗೆ ತಿಳಿಸುವುದೆಂದು ನಾವು ಯೋಚಿಸುತ್ತಿರುವಾಗಲೇ ಆಕೆ "ಐರೇನಿ ಕುಂಡಲು! ಮಾಕೂ ಉಂದಿ" ಎಂದು ನಕ್ಕರು. ಅವರಲ್ಲಿಯೂ ಅದೇ ಗಡಿಗೆ, ಬಹುಮಟ್ಟಿಗೆ ಅದೇ ಹೆಸರು. ಕುಂಬಾರವೇಸಿಗೆ ಹೋಗಿ ಎರಡೂ ಮನೆಗಳ ಗಡಿಗೆಗಳನ್ನು ಒಬ್ಬನೇ ಕುಂಬಾರನಿಗೆ ಹೇಳಿ ಬಂದೆವು. ಅವನು ಬರೆದುಕೊಳ್ಳಲೂ ಇಲ್ಲ. ಯಾವ ಕುಲಕ್ಕೆ ಎಷ್ಟು ಗಡಿಗೆ, ಯಾವ ಅಳತೆಯದು ಎಂಬುದೆಲ್ಲ ಅವನ ಬಾಯಲ್ಲಿಯೇ ಇತ್ತು.

ಇನ್ನುಳಿದ ವಿಧಿಗಳು ಬೇಗನೆ ಇತ್ಯರ್ಥವಾದವು. ನಮ್ಮ ಪಂಚಕಳಸ ನಮ್ಮ ಗುರುಗಳಿಂದ, ಅವರ ಜೀರಿಗೆ ಬೆಲ್ಲ ಅವರ ಪುರೋಹಿತರಿಂದ; ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುವುದಕ್ಕೆ ಯಾರ ಆಕ್ಷೇಪವೂ ಬರಲಿಲ್ಲ. ಊಟ ಶುದ್ಧ ಶಾಕಾಹಾರ. ಹೂರಣದ ಹೋಳಿಗೆ ಮೂವರದೂ ಆದ್ದರಿಂದ ಜಗಳವಿಲ್ಲ. ಕಡಕ ಭಾಕರಿ, ಶೇಂಗಾ ಚಟ್ನಿಗಳ ವಿಷಯದಲ್ಲಂತೂ ಸೊಲ್ಲಾಪುರದವರೆಲ್ಲ ಒಂದೇ ಜಾತಿ.

ನಡುವೆ ಸಂಕ್ರಾಂತಿ ಬಂತು. ಗಡ್ಡಾ ಜಾತ್ರೆಯ ದಿನಗಳಲ್ಲಿ ಈ ಊರಿನಲ್ಲಿ ಬೇರೆ ಯಾವ ಕೆಲಸವೂ ನಡೆಯದು. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನನ್ನು ಮದುವೆಯಾಗಬಯಸಿದ ಕುಂಬಾರ ಕನ್ಯೆಯೊಬ್ಬಳಿಗೆ ಆತನು ತನ್ನ ಯೋಗದಂಡವನ್ನು ವರಿಸೆಂದನಂತೆ. ಆ ಲಗ್ನವನ್ನು ಊರು ವರ್ಷವರ್ಷವೂ ಮಾಡುತ್ತದೆ. ಮೊದಲ ದಿನ ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನ, ಮರುದಿನ ಕೆರೆಯ ದಂಡೆಯ ಸಮ್ಮತಿಕಟ್ಟೆಯಲ್ಲಿ ಅಕ್ಷತೆ. ಬಿಳಿಯ ಬಾರಾಬಂದಿ ತೊಟ್ಟವರು ಏಳು ನಂದಿಧ್ವಜಗಳನ್ನು ಹೊತ್ತು ತರುತ್ತಾರೆ. ಮರಾಠಿ ಶಾಲೆಗಳ, ಮರಾಠಿ ಫಲಕಗಳ ಈ ನಗರದಲ್ಲಿ ಆ ಹೊತ್ತು ಓದಲಾಗುವ ಸಮ್ಮತಿಯ ನುಡಿಗಳು ಕನ್ನಡದವು. ಲಕ್ಷಗಟ್ಟಲೆ ಕೈಗಳು ಒಮ್ಮೆಲೇ ಅಕ್ಷತೆ ಎರಚುತ್ತವೆ. ಹುಡುಗನ ಮನೆಯವರು ನಮ್ಮ ಬಳಿಯೇ ನಿಂತು ಎರಚಿದರು. ಹೊಸದಾಗಿಯಲ್ಲ, ತಾತನ ಕಾಲದಿಂದಲೂ ಬರುತ್ತಿರುವವರಂತೆ.

ದೂರದ ಮದುವೆಗಳೂ ಈ ಊರಿಗೆ ಹೊಸವಲ್ಲ. ಭೈಯಾ ಚೌಕದಲ್ಲಿ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರ ಸ್ಮಾರಕವುಂಟು. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಅವರು 1938ರಲ್ಲಿ ವೈದ್ಯಕೀಯ ತಂಡದೊಡನೆ ಚೀನಕ್ಕೆ ಹೋಗಿ, 1941ರಲ್ಲಿ ಅಲ್ಲಿಯ ದಾದಿ ಗುವೊ ಚಿಂಗ್‌ಲಾನರನ್ನು ಮದುವೆಯಾದರು. ಮರುವರ್ಷ ಹುಟ್ಟಿದ ಮಗುವಿನ ಹೆಸರಿನಲ್ಲಿ ಭಾರತ, ಚೀನ ಎರಡೂ ದೇಶಗಳ ಹೆಸರು ಕೂಡಿಸಿದರು. ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ರಿಕ್ಷಾದಲ್ಲಿ ಅತ್ತ ಹಾಯುವಾಗ ತಮ್ಮ ಇದನ್ನು ನೆನೆದು, "ನಾವು ಅಶೋಕ ಚೌಕದ ತನಕಾ ಹೋಗಾಕ ಇಷ್ಟ ಅಂಜಿದಿವಿ" ಎಂದ.

ಕಟ್ಟಕಡೆಯ ತೊಡಕು ನಾವು ಎಣಿಸದ ಕಡೆಯಿಂದ ಬಂತು: ಲಗ್ನಪತ್ರಿಕೆ. ಮರಾಠಿಯಲ್ಲಿ ಅಚ್ಚು ಹಾಕಿಸುವುದರಲ್ಲಿ ಮಾತೇ ಇಲ್ಲ. ಎರಡೂ ಕಡೆಯ ಎಳೆಯರು ಓದಬಲ್ಲದ್ದು ಅದೊಂದೇ. ತೆಲುಗಿನದು ನೂರು ಸಾಕೆಂದರು ಬೀಗರು. ಕನ್ನಡದವು ಎಷ್ಟು? ತಮ್ಮ ಐನೂರು ಎಂದ. ಯಾದಿ ಹಿಡಿದು ಒಂದೊಂದೇ ಮನೆ ಲೆಕ್ಕ ಹಾಕಿದೆವು. ಮನೆಮನೆಯಲ್ಲಿಯೂ ಕನ್ನಡ ಮಾತಿದೆ, ಹಾಡಿದೆ, ಜಗಳವೂ ಕನ್ನಡದಲ್ಲಿಯೇ. ಓದಬಲ್ಲವರು ಯಾರೆಂದರೆ ಒಂದು ಮನೆಗೆ ಒಬ್ಬರು, ಅವರೂ ಅರವತ್ತು ದಾಟಿದವರು. ಅಕ್ಕಲಕೋಟೆ, ಜತ್ತ, ಇಂಡಿಯ ಕಡೆಯ ನೆಂಟರನ್ನು ಕೂಡಿಸಿಕೊಂಡರೂ ಲೆಕ್ಕ ನೂರಎಂಬತ್ತಕ್ಕೆ ನಿಂತಿತು. ಮದುಮಗಳೇ ತನ್ನ ಹೆಸರನ್ನು ಕನ್ನಡದಲ್ಲಿ ಓದಲಾರಳು. "ದೊಡ್ಡಪ್ಪಾ, ಇದರಾಗ ನನ್ನ ಹೆಸರ ಎಲ್ಲೈತಿ?" ಎಂದು ಕೇಳಿದಾಗ ಬೆರಳಿಟ್ಟು ತೋರಿಸಬೇಕಾಯಿತು.

ಅಚ್ಚುಕೂಟದಲ್ಲಿ ಕನ್ನಡ ಜೋಡಿಸುವವರೂ ಇರಲಿಲ್ಲ. ನಾವು ಬರೆದುಕೊಟ್ಟದ್ದನ್ನು ಹೊರಗಿನಿಂದ ಮಾಡಿಸಿ ತಂದ ಕರಡಿನಲ್ಲಿ ಒತ್ತಕ್ಷರಗಳೆಲ್ಲ ಕೆಳಗಿಳಿದು ಬೇರೆಬೇರೆಯಾಗಿ ನಿಂತಿದ್ದವು. ಅಂದು ಜೊತೆಗಿದ್ದ ಹುಡುಗನ ತಾತ ಆ ಹಾಳೆಯನ್ನು ತಮ್ಮತ್ತ ಎಳೆದುಕೊಂಡು, ತೆಲುಗಿನ ಶಾಲೆಯಲ್ಲಿ ಕಲಿತ ಕಣ್ಣಿನಿಂದ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದತೊಡಗಿದರು. "ತಲಕಟ್ಟು ಬೇರೆ, ಒಳಗಿನ ಮೈ ಒಂದೇ" ಎಂದರು. ಸಿದ್ಧೇಶ್ವರ ಎಂಬಲ್ಲಿ ‘ದ’ಕಾರದ ಕೆಳಗಿನ ಒತ್ತು ಕಳಚಿರುವುದನ್ನು ಮೊದಲು ಕಂಡವರೂ ಅವರೇ. ಮದುಮಗಳು ಅವರ ಹೆಗಲ ಮೇಲಿನಿಂದ ಬಾಗಿ ನೋಡುತ್ತಿದ್ದಳು. ತಾತ ತೆಲುಗಿನ ಪತ್ರಿಕೆಯನ್ನೂ ಕನ್ನಡದ್ದನ್ನೂ ಪಕ್ಕಪಕ್ಕದಲ್ಲಿಟ್ಟು, ಅವಳ ಹೆಸರಿನ ಅಕ್ಷರಗಳನ್ನು ಎರಡರಲ್ಲಿಯೂ ಒಂದೊಂದಾಗಿ ತೋರಿಸಿದರು. ನಾಲ್ಕು ಅಕ್ಷರ, ಎರಡು ಹೆಚ್ಚುಕಡಿಮೆ ಒಂದೇ.

ಇನ್ನೂರು ಕನ್ನಡ ಪತ್ರಿಕೆಗಳು ಬಂದವು. ಅರಿಶಿನ ಕುಂಕುಮ ಹಚ್ಚಿ ಮೊದಲನೆಯದನ್ನು ಸಿದ್ಧರಾಮನ ಗದ್ದುಗೆಗೆ, ಎರಡನೆಯದನ್ನು ಬಾಳಿವೇಸಿನ ಮಲ್ಲಿಕಾರ್ಜುನನಿಗೆ ಮುಟ್ಟಿಸಿದೆವು. ಉಳಿದವನ್ನು ಚೀಲಕ್ಕೆ ತುಂಬಿಕೊಂಡು ಸಂಜೆಯ ಬಸ್ಸಿಗೆ ಅಕ್ಕಲಕೋಟೆಗೆ ಹೊರಟೆವು. ಚೀಲ ಕಟ್ಟುವಾಗ ಮದುಮಗಳು ಬಂದು, ಪುಣೆಗೆ ಒಯ್ಯಲು ತನಗೂ ಒಂದು ಬೇಕೆಂದು ತೆಗೆದಿಟ್ಟುಕೊಂಡಳು.