ಕೀರ್ತನೆ ಬರೆಯುವ ಹೊತ್ತು

ಸತ್ಯವೇದವನ್ನು ಅಂದಾಜಿನ ಮೇಲೆ ನಡುವಿಗೆ ತೆರೆದರೆ ಬಹುಮಟ್ಟಿಗೆ ಕೀರ್ತನೆಗಳ ಪುಸ್ತಕವೇ ಸಿಗುತ್ತದೆ. ಒಟ್ಟು 150 ಕೀರ್ತನೆಗಳು. ಬೆಳಗಿನ ಚಹಾ ಆದ ಮೇಲೆ ಅವುಗಳಲ್ಲಿ ಒಂದನ್ನು, ಉದ್ದದ್ದಾದರೆ ಅದರ ಒಂದು ಭಾಗವನ್ನು, ಲಾಂಗ್ ನೋಟ್‌ಬುಕ್ಕಿನಲ್ಲಿ ಇಂಕ್ ಪೆನ್ನಿನಿಂದ ನಿಧಾನವಾಗಿ ಬರೆದುಕೊಳ್ಳುವುದು ನನಗೆ ಅಚ್ಚುಮೆಚ್ಚಿನ ಕೆಲಸ. ಇದನ್ನು ಹವ್ಯಾಸ ಎನ್ನಲು ನನಗೆ ಹಿಂಜರಿಕೆಯಿಲ್ಲ. ಪ್ರಾರ್ಥನೆ ಎಂದರೆ ಬರೀ ಕರ್ತವ್ಯ, ಅದರಲ್ಲಿ ಸುಖಪಡುವಂಥದ್ದೇನೂ ಇರಬಾರದು ಎಂಬ ಭಾವನೆ ನಮ್ಮ ಸಭೆಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ನಾನದನ್ನು ಒಪ್ಪುವುದಿಲ್ಲ. ಪ್ರೀತಿಸುವವರ ಹತ್ತಿರ ಕೂತು ಮಾತಾಡುವುದು ಸುಖವಲ್ಲದೆ ಮತ್ತೇನು?

ಮೊದಲು ಕೈಗೆ ಸಿಗುವ ಸುಖವನ್ನೇ ಹೇಳುತ್ತೇನೆ. ಕನ್ನಡದ ಅಕ್ಷರಗಳು ಅವಸರಕ್ಕೆ ಬಗ್ಗುವುದಿಲ್ಲ. ತಲೆಕಟ್ಟು ಎಳೆದು, ಸುತ್ತು ತಿರುಗಿಸಿ, ಕೊಂಬು ಕೊಟ್ಟು, ಗೆರೆಯ ಕೆಳಗಿಳಿದು ಒತ್ತಕ್ಷರವನ್ನು ಕೂರಿಸಿ ಮತ್ತೆ ಮೇಲೆ ಬರುವಷ್ಟರಲ್ಲಿ ಮನಸ್ಸೂ ಆ ಪದದ ಬಳಿಯೇ ನಿಂತುಕೊಂಡಿರಬೇಕಾಗುತ್ತದೆ. ಬಾಲ್ ಪೆನ್ ಜಾರಿಕೊಂಡು ಹೋಗುತ್ತದೆ. ನಿಬ್ಬು ಕಾಗದವನ್ನು ಮುಟ್ಟಿ ಮುಟ್ಟಿ ಸಾಗುತ್ತದೆ. ನೀಲಿ ಶಾಯಿ ಒದ್ದೆಯಾಗಿ ಹೊಳೆದು, ಒಣಗಿ, ತನ್ನ ನಿಜವಾದ ಬಣ್ಣಕ್ಕೆ ಬರುವುದನ್ನು ನೋಡುವುದಕ್ಕೆಂದೇ ನಾನು ವಚನ ವಚನಕ್ಕೂ ಒಂದಿಷ್ಟು ತಡೆಯುತ್ತೇನೆ. ಎಡಗಡೆ ಕೆಂಪು ಗೆರೆಯ ಆಚೆಗಿನ ಅಂಚನ್ನು ಖಾಲಿ ಬಿಡುತ್ತೇನೆ. ಆ ಅಂಚಿನ ವಿಷಯ ಆಮೇಲೆ ಬರುತ್ತದೆ.

ಓದುವ ಕಣ್ಣು ಓಡುತ್ತದೆ, ಅದರಲ್ಲೂ ಬಾಯಿಪಾಠವಾದದ್ದರ ಮೇಲೆ. 23ನೆಯ ಕೀರ್ತನೆಯನ್ನು ಸಂಡೇ ಸ್ಕೂಲಿನ ಮಕ್ಕಳೆಲ್ಲ ಉಸಿರು ಬಿಡದೆ ಒಪ್ಪಿಸುತ್ತಾರೆ, ನಾನೂ ಒಪ್ಪಿಸಿದ್ದೇನೆ. ಇರುವುದು ಆರೇ ವಚನ. ಅದನ್ನು ಕೈಯಲ್ಲಿ ಬರೆದ ದಿನ ಒಂದು ಸಂಗತಿ ಕಾಣಿಸಿತು. ಮೊದಲ ಮೂರು ವಚನಗಳಲ್ಲಿ ಕವಿ ದೇವರ ಬಗ್ಗೆ ಹೇಳುತ್ತಾನೆ: ಆತನು ಕುರುಬನು, ಹುಲ್ಲುಗಾವಲಿಗೆ ಕರೆದೊಯ್ಯುವವನು, ಪ್ರಾಣಕ್ಕೆ ಚೈತನ್ಯ ಕೊಡುವವನು. ನಾಲ್ಕನೆಯ ವಚನದಲ್ಲಿ ಕತ್ತಲ ಕಣಿವೆ ಬರುತ್ತದೆ. ಅಲ್ಲಿಂದ ‘ಆತನು’ ಹೋಗಿ ‘ನೀನು’ ಬರುತ್ತದೆ. ಹುಲ್ಲುಗಾವಲಿನಲ್ಲಿ ಇದ್ದಾಗ ದೇವರ ಕುರಿತು ಮಾತಾಡುತ್ತಿದ್ದವನು ಕಣಿವೆಗೆ ಇಳಿದಾಗ ದೇವರ ಕಡೆಗೇ ಮುಖ ತಿರುಗಿಸಿ ಮಾತಾಡತೊಡಗುತ್ತಾನೆ. ಊಟಕ್ಕೆ ಬಡಿಸುವುದು, ತಲೆಗೆ ಎಣ್ಣೆ ಹಚ್ಚುವುದು, ಪಾತ್ರೆ ತುಂಬಿ ಹೊರಸೂಸುವುದು, ಎಲ್ಲವೂ ಆ ತಿರುವಿನ ಮೇಲೆಯೇ ಬರುತ್ತವೆ. ದೇವರೊಂದಿಗೆ ಹತ್ತಿರದ ಸಂಬಂಧ ಬೆಳೆಸಿಕೊಳ್ಳಬೇಕೆಂದು ಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹಾಗೆಂದರೆ ಏನೆಂದು ನನಗೆ ತಿಳಿದದ್ದು ಆ ವಚನವನ್ನು ಬರೆಯುವಾಗಲೇ.

ನಮ್ಮದು ಧಾರವಾಡದ ಕಡೆಯ ಬಾಸೆಲ್ ಮಿಷನ್ ಪರಂಪರೆಯ ಕುಟುಂಬ. ಸಂಜೆಯ ಕುಟುಂಬ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಒಂದು ಗೀತೆ, ಒಂದು ಅಧ್ಯಾಯ, ಅಪ್ಪನ ಪ್ರಾರ್ಥನೆ, ಕೊನೆಗೆ ಎಲ್ಲರೂ ಕೂಡಿ ಕರ್ತನ ಪ್ರಾರ್ಥನೆ. ಅಪ್ಪ ಗ್ರಾಂಥಿಕ ಕನ್ನಡದಲ್ಲಿ, ಎದ್ದು ನಿಂತು, ಕಚೇರಿಯ ಅರ್ಜಿಯಷ್ಟು ಕ್ರಮಬದ್ಧವಾಗಿ ಪ್ರಾರ್ಥಿಸುತ್ತಿದ್ದರು. ಅದರಲ್ಲಿ ಗೌರವವಿತ್ತು, ಭಯಭಕ್ತಿಯಿತ್ತು. ಆದರೆ ಅವ್ವನ ಪ್ರಾರ್ಥನೆ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ನಡೆಯುತ್ತಿತ್ತು, ಅದೂ ಮನೆಮಾತಿನಲ್ಲಿ. ಅಣ್ಣನ ನೌಕರಿ, ಪಕ್ಕದ ಮನೆಯಾಕೆಯ ಬಾಣಂತನ, ಅಕ್ಕಿಯ ದರ, ಎಲ್ಲವನ್ನೂ ಅಲ್ಲಿ ಹೇಳಿಕೊಳ್ಳುತ್ತಿದ್ದಳು. ಒಮ್ಮೆ ನಾನು ಪರೀಕ್ಷೆಯ ಮುಂಚೆ ಭಾರೀ ಭಾರೀ ಮಾತು ಹುಡುಕಿ ಪ್ರಾರ್ಥಿಸುತ್ತಿದ್ದುದನ್ನು ಕೇಳಿ, “ದೇವರ ಮುಂದ ಯಾಕವಾ ಇಷ್ಟ್ ಅಲಂಕಾರ? ನಿನಗ ಹೆದರಿಕಿ ಆಗೇದಂತ ಹೇಳವಾ, ಸಾಕು,” ಅಂದಳು.

ಸಹೋದರ ಲಾರೆನ್ಸ್ ಎಂಬ ಕಾರ್ಮೆಲ್ ಪಂಥದ ಸಾಮಾನ್ಯ ಸನ್ಯಾಸಿಯ ಬಗ್ಗೆ ನಾನು ಓದಿದ್ದು ಬಹಳ ತಡವಾಗಿ. 17ನೆಯ ಶತಮಾನದ ಪ್ಯಾರಿಸ್ಸಿನ ಒಂದು ಮಠದ ಅಡುಗೆಮನೆಯಲ್ಲಿ ದುಡಿದವರು, ಮುಂದೆ ಅಲ್ಲೇ ಚಪ್ಪಲಿ ರಿಪೇರಿ ಮಾಡಿದವರು. ಪಾತ್ರೆಗಳ ಸದ್ದಿನ ನಡುವೆಯೂ ಗುಡಿಯಲ್ಲಿ ಮೊಣಕಾಲೂರಿದಾಗಿನಷ್ಟೇ ದೇವರ ಸನ್ನಿಧಿಯಲ್ಲಿ ಇರಬಹುದೆಂದು ಕಂಡುಕೊಂಡವರು. ಅವರು 1691ರಲ್ಲಿ ತೀರಿಕೊಂಡ ಮೇಲೆ ಅವರ ಮಾತುಕತೆ, ಪತ್ರಗಳನ್ನು ಸೇರಿಸಿ ಮಾಡಿದ ಸಣ್ಣ ಪುಸ್ತಕ ಇಂದಿಗೂ ಓದುಗರನ್ನು ಹುಡುಕಿಕೊಂಡು ಹೋಗುತ್ತಿದೆ. ಅದನ್ನು ಓದುವಾಗ ಉದ್ದಕ್ಕೂ ನನಗೆ ಅವ್ವನ ಬಳೆಯ ಸದ್ದು ಕೇಳುತ್ತಿತ್ತು. ಅವ್ವನಿಗೆ ಆ ಹೆಸರೇ ಗೊತ್ತಿರಲಿಲ್ಲ.

ಅವ್ವನಿಗಿದ್ದ ಆ ಸಲೀಸು ನನಗೆ ಬರಲಿಲ್ಲ. ಕಣ್ಣು ಮುಚ್ಚಿ ಕೂತರೆ ನನ್ನ ಮಾತುಗಳು ನಾಲ್ಕೇ ವಾಕ್ಯಕ್ಕೆ ತೀರಿಹೋಗುತ್ತವೆ. ಅದಕ್ಕೇ ನನಗೆ ಕೀರ್ತನೆಗಳು ಬೇಕು. ಅವು ಕಡ ತಂದ ಮಾತುಗಳು, ನಿಜ. ಆದರೆ ಕಡ ತಂದ ಮಾತಿನಲ್ಲಿ ಪ್ರಾರ್ಥಿಸುವುದು ಕೀಳು ಎಂದು ಹೇಳುವವರು ಶಿಲುಬೆಯನ್ನು ನೆನೆಯಬೇಕು. ಯೇಸು ಅಲ್ಲಿ ಗಟ್ಟಿಯಾಗಿ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತನ್ನು. ಲೂಕನ ಪ್ರಕಾರ ಪ್ರಾಣ ಬಿಡುವಾಗ ಹೇಳಿದ್ದು 31ನೆಯ ಕೀರ್ತನೆಯ ಮಾತನ್ನು. ತಂದೆಯ ಎದೆಗೆ ಅಷ್ಟು ಹತ್ತಿರದವನಾದ ಮಗನೇ ತನ್ನ ಕೊನೆಯ ಸಂಕಟದಲ್ಲಿ ಚಿಕ್ಕಂದಿನಿಂದ ಕೇಳಿದ ಹಾಡುಗಳ ಮಾತನ್ನು ಎತ್ತಿಕೊಂಡ. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಷಿಯಸ್ ಮಾರ್ಸೆಲಿನಸ್ ಎಂಬವನಿಗೆ ಒಂದು ಪತ್ರ ಬರೆದರು. ಕೀರ್ತನೆಗಳನ್ನು ಹಾಡುವವನಿಗೆ ಅವು ತನ್ನವೇ ಮಾತುಗಳಾಗಿಬಿಡುತ್ತವೆ, ಅವನ ಒಳಗಿನ ಚಲನೆಗಳನ್ನು ಅವನಿಗೇ ತೋರಿಸುತ್ತವೆ ಎಂಬುದು ಆ ಪತ್ರದ ತಿರುಳು. ಯಾವ ಕಷ್ಟಕ್ಕೆ ಯಾವ ಕೀರ್ತನೆ ಎಂದೂ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಹದಿನಾರು ಶತಮಾನ ದಾಟಿದರೂ ಆ ಸಲಹೆ ಹಳತಾಗಿಲ್ಲ.

ಅಪ್ಪ ತೀರಿಕೊಂಡ ವರ್ಷ ನನಗೆ ಅದು ಗೊತ್ತಾಯಿತು. ಬಂದವರೆಲ್ಲ ಒಳ್ಳೆಯ ಮಾತನ್ನೇ ಹೇಳಿದರು: ದೇವರ ಚಿತ್ತ, ಒಳ್ಳೆಯ ಸ್ಥಳಕ್ಕೆ ಹೋಗಿದ್ದಾರೆ, ಧೈರ್ಯ ತಂದುಕೊ. ಸುಳ್ಳೇನೂ ಅಲ್ಲ, ಆದರೆ ಯಾವುದೂ ಒಳಗಿಳಿಯಲಿಲ್ಲ. ಆ ದಿನಗಳಲ್ಲಿ ನಾನು ಮತ್ತೆ ಮತ್ತೆ ಬರೆದದ್ದು 13ನೆಯ ಕೀರ್ತನೆಯನ್ನು. ಮೊದಲ ಎರಡು ವಚನಗಳಲ್ಲೇ ಎಲ್ಲಿಯ ತನಕ ಎಂದು ನಾಲ್ಕು ಸಲ ದೇವರನ್ನು ಕೇಳುವ ಕೀರ್ತನೆ ಅದು. ಆಮೇಲೆ 88ನೆಯದು. ಇಡೀ ಪುಸ್ತಕದಲ್ಲಿ ಅಷ್ಟು ಕಪ್ಪಾದದ್ದು ಇನ್ನೊಂದಿಲ್ಲ. ದೂರಿಡುವ ಬೇರೆ ಕೀರ್ತನೆಗಳು ಬಹುಪಾಲು ಕೊನೆಗೆ ನಂಬಿಕೆಯ ಕಡೆಗೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಆದರೂ ಹದಿನೆಂಟು ವಚನಗಳಲ್ಲಿ ಒಂದರಲ್ಲಿಯೂ ಕವಿ ದೇವರಿಗೆ ಬೆನ್ನು ಮಾಡುವುದಿಲ್ಲ. ದೂರೆಲ್ಲ ಆತನ ಮೇಲೆಯೇ, ದೂರುತ್ತಿರುವುದೂ ಆತನ ಮುಂದೆಯೇ. ಇಂಥ ಕೀರ್ತನೆಯನ್ನೂ ಪವಿತ್ರ ಗ್ರಂಥದೊಳಗೆ ಇಟ್ಟುಕೊಂಡ ದೇವರ ಮುಂದೆ ನಾನು ಯಾವ ಮುಖವಾಡ ಹಾಕಿ ಕೂರಬೇಕು? ಅಂಥ ದುಃಖದಲ್ಲೂ ಆ ಪ್ರಶ್ನೆ ನನಗೆ ಬಿಡುಗಡೆ ಕೊಟ್ಟಿತು. ಅವ್ವ ಎಂದೋ ಹೇಳಿದ್ದೂ ಇದನ್ನೇ.

ಜರ್ಮನಿಯ ಪಾಸ್ಟರ್ ಡೀಟ್ರಿಕ್ ಬಾನ್‌ಹಾಫರ್ 1940ರಲ್ಲಿ ಕೀರ್ತನೆಗಳ ಮೇಲೆ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದರು. 1943ರ ಏಪ್ರಿಲ್‌ನಲ್ಲಿ ನಾಜಿ ಆಡಳಿತ ಅವರನ್ನು ಬಂಧಿಸಿ ಬರ್ಲಿನ್ನಿನ ಟೇಗಲ್ ಜೈಲಿಗೆ ಹಾಕಿತು. ಅಲ್ಲಿಂದ ಮನೆಗೆ ಬರೆದ ಪತ್ರದಲ್ಲಿ, ವರ್ಷಗಳಿಂದ ಮಾಡುತ್ತ ಬಂದಂತೆ ಪ್ರತಿದಿನ ಕೀರ್ತನೆಗಳನ್ನು ಓದುತ್ತಿದ್ದೇನೆ ಎಂದು ತಿಳಿಸಿದ್ದಾರೆ. ಎರಡು ವರ್ಷದ ನಂತರ, 1945ರ ಏಪ್ರಿಲ್ 9ರಂದು, ಅವರನ್ನು ಗಲ್ಲಿಗೇರಿಸಿದರು. ಜೈಲು ಸೇರುವ ಮುಂಚಿನ ಆ ವರ್ಷಗಳ ಓದನ್ನು ನಾನು ಹೆಚ್ಚಾಗಿ ಯೋಚಿಸುತ್ತೇನೆ. ಕಷ್ಟ ಬಂದ ದಿನ ಹೊಸದಾಗಿ ಪರಿಚಯ ಮಾಡಿಕೊಳ್ಳುವುದು ಎಷ್ಟು ಕಠಿಣ! ಅವರಿಗೆ ಆ ಪರಿಚಯ ಮೊದಲೇ ಇತ್ತು.

ಇನ್ನು ಅಂಚಿನ ವಿಷಯ. ಕೀರ್ತನೆ ಬರೆದಾದ ಮೇಲೆ ಪೆನ್ನಿಗೆ ಕ್ಯಾಪ್ ಹಾಕಿ ಪೆನ್ಸಿಲ್ ತೆಗೆದುಕೊಳ್ಳುತ್ತೇನೆ. ಆ ಅಂಚಿನಲ್ಲಿ ಬರೆಯುವುದು ನನ್ನ ಮಾತು. ಯಾವ ವಚನ ತಟ್ಟಿತೋ ಅದರ ಪಕ್ಕದಲ್ಲಿ ಆ ದಿನದ ತಾರೀಕು, ಒಂದು ಹೆಸರು, ಒಂದು ಭಯ, ಒಂದು ಸ್ತೋತ್ರ. ಎರಡೇ ಬೆರಳಿನ ಅಗಲ ಇರುವುದರಿಂದ ಉದ್ದಕ್ಕೆ ಬರೆಯಲು ಬರುವುದಿಲ್ಲ, ಅದೇ ಒಳ್ಳೆಯದು. “ತಂಗಿಯ ಆಪರೇಷನ್ ಇಂದು.” “ಅವರನ್ನು ಕ್ಷಮಿಸಲು ಆಗುತ್ತಿಲ್ಲ, ನೀನೇ ಮಾಡಿಸು.” “ಮಳೆ ಬಂತು, ಸ್ತೋತ್ರ.” ಒಂದು ಸುತ್ತು ಮುಗಿದು ಎರಡನೆಯ ಸುತ್ತಿಗೆ ಅದೇ ಕೀರ್ತನೆಗೆ ಬಂದಾಗ ಹಳೆಯ ನೋಟ್‌ಬುಕ್ ತೆಗೆದು ಅಂಚನ್ನು ಓದುತ್ತೇನೆ. ಕೇಳಿದ್ದು ಸಿಕ್ಕಿತೇ ಇಲ್ಲವೇ ಎಂದು ಲೆಕ್ಕ ಹಾಕುವುದಕ್ಕಲ್ಲ. ಹಾಗೆ ಲೆಕ್ಕ ಇಡುವುದು ನನಗೆ ಸರಿಬರುವುದಿಲ್ಲ, ಸ್ನೇಹದಲ್ಲಿ ಯಾರೂ ಪಟ್ಟಿ ಇಡುವುದಿಲ್ಲ. ಅಷ್ಟು ದಿನದಿಂದ ಆತನೂ ನಾನೂ ಏನೇನು ಮಾತಾಡಿಕೊಂಡೆವು ಎಂದು ನೋಡುವ ಆಸೆ, ಅಷ್ಟೇ. ಕೆಲವು ಹೆಸರುಗಳು ಇಂದು ಸಮಾಧಿಗಳ ಮೇಲಿವೆ. ಕೆಲವು ಭಯಗಳು ಯಾವುವೆಂದು ನೆನಪೇ ಆಗುವುದಿಲ್ಲ. ಏನೂ ಅನ್ನಿಸದೆ ಬರೀ ಕೈ ಆಡಿಸಿ ಎದ್ದ ಬೆಳಗುಗಳಲ್ಲಿ ಅಂಚು ಬೆಳ್ಳಗೇ ಇದೆ. ಅಂಥವೂ ಬೇಕಾದಷ್ಟಿವೆ, ಅವುಗಳ ಬಗ್ಗೆ ನನಗೆ ಚಿಂತೆಯಿಲ್ಲ. ಮಾತಿಲ್ಲದಿದ್ದರೂ ಆ ದಿನ ಬಂದು ಕೂತಿದ್ದೆನಲ್ಲ.

ಬರೆಯುವಾಗ ಇನ್ನೊಂದು ಕೃತಜ್ಞತೆಯೂ ಜೊತೆಗಿರುತ್ತದೆ. ಈ ಮಾತುಗಳು ಕನ್ನಡಕ್ಕೆ ಬಂದದ್ದು ಕೈಬರಹದಿಂದಲೇ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲು ಭಾಷೆ ಕಲಿತು, ಆಮೇಲೆ ವರ್ಷಗಟ್ಟಲೆ ಕೂತು ಸತ್ಯವೇದವನ್ನು ಕನ್ನಡಿಸಿದರು. ಮುಂದೆ ಬಾಸೆಲ್ ಮಿಷನ್ನಿನವರೂ ಇತರರೂ ಅದನ್ನು ತಿದ್ದಿ ಹದಗೊಳಿಸಿದರು. ಬಳ್ಳಾರಿಯ ಆ ಬಿಸಿಲಲ್ಲಿ ಯಾವುದೋ ಕೈ ಬರೆದು, ಹೊಡೆದುಹಾಕಿ, ಮತ್ತೆ ಬರೆದ ದಾರಿಯಲ್ಲೇ ನನ್ನ ನಿಬ್ಬೂ ಸಾಗುತ್ತಿದೆ ಎನ್ನಿಸುವಾಗ ಒಬ್ಬಳೇ ಕೂತಿರುವಂತೆ ಅನ್ನಿಸುವುದಿಲ್ಲ.

ಇದನ್ನು ಶುರು ಮಾಡಬೇಕೆನ್ನುವವರು ಒಂದನೆಯ ಕೀರ್ತನೆಯಿಂದಲೇ ಹೊರಡಬೇಕಿಲ್ಲ. 117ನೆಯದು ಎರಡೇ ವಚನ, ಎಲ್ಲಕ್ಕಿಂತ ಚಿಕ್ಕದು. ಅಲ್ಲಿಂದ ಕೈ ಹಿಡಿಯಲಿ. 136ನೆಯದನ್ನು ಮಾತ್ರ ಓದಿದರೆ ಸಾಲದು, ಬರೆದೇ ನೋಡಬೇಕು. 26 ವಚನಗಳಲ್ಲಿ ಪ್ರತಿಯೊಂದರ ಕೊನೆಗೂ ದೇವರ ಕೃಪೆ ಶಾಶ್ವತ ಎಂಬ ಅದೇ ಪಲ್ಲವಿ. ಓದುವಾಗ ಅದನ್ನು ಹಾರಿಸಿಬಿಡಬಹುದು, ಕೈಗೆ ಆ ಅನುಕೂಲವಿಲ್ಲ. ಹತ್ತನೆಯ ಸಲಕ್ಕೆ ಬೇಸರ, ಹದಿನೈದನೆಯ ಸಲಕ್ಕೆ ಲಯ. ಮುಗಿಸಿ ಎದ್ದ ಮೇಲೆ ಬಟ್ಟೆ ಒಣಗಿಸುವಾಗಲೂ ಅದು ನಾಲಗೆಯ ಮೇಲೆ ತಾನೇ ಬರುತ್ತಿರುತ್ತದೆ.

ಈಗ ನಾನಿರುವುದು 119ರಲ್ಲಿ. 176 ವಚನಗಳ ಈ ಕೀರ್ತನೆ ಹೀಬ್ರೂವಿನಲ್ಲಿ ಅಕ್ಷರಮಾಲೆಯ ಕ್ರಮದಲ್ಲಿದೆ: 22 ಅಕ್ಷರಗಳು, ಒಂದೊಂದಕ್ಕೆ ಎಂಟೆಂಟು ವಚನ, ಎಂಟೂ ಅದೇ ಅಕ್ಷರದಿಂದ ಶುರು. ದಿನಕ್ಕೊಂದು ಎಂಟರ ಕಂತು ಬರೆಯುತ್ತಿದ್ದೇನೆ. ಉದ್ದಕ್ಕೂ ದೇವರ ಧರ್ಮಶಾಸ್ತ್ರವನ್ನು ಕೊಂಡಾಡಿದ ಕವಿ ಕಟ್ಟಕಡೆಯ ವಚನದಲ್ಲಿ ದಾರಿ ತಪ್ಪಿದ ಕುರಿ ತಾನೆಂದು ಹೇಳಿ, ನನ್ನನ್ನು ಹುಡುಕು ಎಂದು ಬೇಡುತ್ತಾನೆ. ಅಷ್ಟೆಲ್ಲ ಬಲ್ಲವನು ಕೊನೆಗೆ ಕೇಳಿದ್ದು ಅದನ್ನು. ಆ ವಚನಕ್ಕೆ ತಲುಪುವ ದಿನಕ್ಕಾಗಿ ನಾನು ಕಾಯುತ್ತಿದ್ದೇನೆ. ಅದಾದ ಕೂಡಲೇ 120ರಿಂದ 134ರ ತನಕ ಹದಿನೈದು ಯಾತ್ರಾಗೀತೆಗಳು, ಬಹುತೇಕ ಎಲ್ಲವೂ ಪುಟ್ಟವು, ದೇವಾಲಯದ ಹಬ್ಬಕ್ಕೆ ಯೆರೂಸಲೇಮಿಗೆ ಹತ್ತಿ ಹೋಗುವವರು ಹಾಡುತ್ತಿದ್ದರೆಂದು ಹೇಳುವಂಥವು. ಅವುಗಳಲ್ಲಿ 131ನೆಯದಕ್ಕೆ ಮೂರೇ ವಚನ, ತಾಯಿಯ ಮಡಿಲಲ್ಲಿ ಸಮಾಧಾನವಾಗಿರುವ ಕೂಸಿನದು. ಅದನ್ನು ಎರಡು ಸಲ ಬರೆಯಬೇಕೆಂದಿದ್ದೇನೆ: ಒಮ್ಮೆ ನನ್ನ ನೋಟ್‌ಬುಕ್ಕಿನಲ್ಲಿ, ಇನ್ನೊಮ್ಮೆ ಅಂಚೆ ಕಾರ್ಡಿನ ಮೇಲೆ, ಚೊಚ್ಚಲ ಬಾಣಂತಿಯಾಗಿ ತವರಿನಲ್ಲಿರುವ ಅಣ್ಣನ ಮಗಳಿಗೆ.