ಉಪ್ಪಿನ ಸದ್ದು

ಮಲ್ಪೆ ಕಡಲತೀರದಲ್ಲಿ ಅಕ್ಕನ ತೆಳು ಚಿನ್ನದ ಸರ ಕಳೆದುಹೋಯಿತು. ಗೆಳತಿಯಿಂದ ಮೆಟಲ್ ಡಿಟೆಕ್ಟರ್ ತಂದೆ. ಒಣ ಮರಳಿನಲ್ಲಿ ಸುಮ್ಮನಿದ್ದದ್ದು ಒದ್ದೆ ಮರಳಿಗೆ ಬಂದದ್ದೇ ಹೆಜ್ಜೆಹೆಜ್ಜೆಗೂ ಅರಚತೊಡಗಿತು. ಕಾಯಿಲ್ ಒರೆಸಿದೆ, ಕನೆಕ್ಟರ್ ಒಣಗಿಸಿದೆ, ಬ್ಯಾಟರಿ ಬದಲಿಸಿದೆ. ಕೆಟ್ಟದ್ದು ಯಂತ್ರವಲ್ಲ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ಯಂತ್ರದ ಕಿವಿಗೆ ಅದೂ ಲೋಹದಂತೆಯೇ.

ಒದ್ದೆ ಮರಳಿನ ಮೇಲೆಯೇ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಸೆನ್ಸಿಟಿವಿಟಿ ಇಳಿಸಿದೆ. ಸದ್ದಡಗಿತು.

“ಹಾಗಾದ್ರೆ ಇಲ್ಲಿಲ್ಲ ಬಿಡು,” ಅಂದಳು ಅಕ್ಕ.

ಅನುಮಾನ ಬಂತು. ಅವಳ ಉಂಗುರ ಮರಳಿನ ಮೇಲಿಟ್ಟೆ, ಯಂತ್ರ ಕೂಗಿತು. ನನ್ನ ಕೊರಳಿನ ಜೋಡಿ ಸರ ಇಟ್ಟೆ, ಕೂಗಲಿಲ್ಲ. ಸಣ್ಣ ಕೊಂಡಿಗಳ ಸರದ ದನಿಯೂ ಉಪ್ಪಿನಷ್ಟೇ ಕ್ಷೀಣ. ಉಪ್ಪಿನ ಬಾಯಿ ಮುಚ್ಚಿಸುವಾಗ ಸರದ ಬಾಯನ್ನೂ ಮುಚ್ಚಿಸಿದ್ದೆ.

ಸೆನ್ಸಿಟಿವಿಟಿ ಮತ್ತೆ ಏರಿಸಿ, ಅರಚಾಟ ಸಹಿಸಿಕೊಂಡು, ಭರತ ಬರುವವರೆಗೂ ಇಬ್ಬರೂ ಮರಳು ಬಗೆದೆವು. ಸರ ಸಿಗಲಿಲ್ಲ.