ಮೂರನೇ ದಿನದ ಟಿಕೆಟ್ಟು

ಬೆಳಿಗ್ಗೆ ಕರಿಬೇವು ಕೇಳಲು ಬಂದ ಎದುರುಮನೆಯವರು ಬಾಗಿಲಲ್ಲೇ ನಿಂತು ಇನ್ನೊಂದು ಮಾತು ತೆಗೆದರು. ಅವರ ಮಗಳು, ಅಳಿಯ ಈ ಶನಿವಾರ ಭಾನುವಾರ ಚೆನ್ನೈಗೆ ಹೊರಟಿದ್ದಾರಂತೆ. "ನೀವಿಬ್ಬರೂ ಹೋಗಿ ಬಂದವರಲ್ಲವಾ, ಅಲ್ಲಿ ಏನೇನು ನೋಡಬಹುದು ಹೇಳಿ" ಅಂದರು. ನಾನು ಚೆಪಾಕ್ ಕ್ರೀಡಾಂಗಣದಿಂದಲೇ ಶುರುಮಾಡಿದೆ. ಬಾಂಗ್ಲಾದೇಶದ ಮೇಲಿನ ಟೆಸ್ಟ್, ಪಂತ್ ಹೊಡೆದ ನೂರು, ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಬರುವ ಗಾಳಿ, ಎಲ್ಲ ಹೇಳುತ್ತಿದ್ದೆ. ಅವರು ನಡುವೆ ತಡೆದು, "ಅಯ್ಯೋ ಪಾಪ! ಯಜಮಾನರ ಕ್ರಿಕೆಟ್ ಹುಚ್ಚಿಗೆ ನೀವೂ ಹೋಗಿ ಬಿಸಿಲಲ್ಲಿ ಕೂರಬೇಕಾಯಿತಲ್ಲ" ಎಂದು ನನ್ನ ಕೈ ಹಿಡಿದುಕೊಂಡರು. ಒಳ್ಳೆಯ ಹೆಂಗಸು. ಕನಿಕರದಲ್ಲಿ ಕಪಟವಿರಲಿಲ್ಲ. ಆದರೆ ಅದು ನನಗೆ ಒಗ್ಗಲಿಲ್ಲ. ಅಡುಗೆಯಾಗಿ, ಊಟವಾಗಿ, ಪಾತ್ರೆ ತೊಳೆದಿಟ್ಟರೂ ಒಗ್ಗಿಲ್ಲ.

ನಮ್ಮ ಮನೆಯಲ್ಲಿ ಕ್ರಿಕೆಟ್ ಹುಚ್ಚು ಇರುವುದು ನನಗೆ. ಇವರಿಗೆ ಗುಡಿ, ಗೋಪುರ, ಹಳೆಯ ಶಾಸನ ಅಂದರೆ ಪ್ರಾಣ. ಮದುವೆಯಾದ ಹೊಸದರಲ್ಲಿ ಉಪ್ಪಿನ ಡಬ್ಬಿ, ನೀರಿನ ಲೋಟ ಮುಂದಿಟ್ಟು ಆಫ್ ಯಾವ ಕಡೆ, ಲೆಗ್ ಯಾವ ಕಡೆ ಎಂದು ಇವರಿಗೆ ತೋರಿಸಿಕೊಟ್ಟವಳು ನಾನು. ಎಡಗೈ ಆಟಗಾರ ಬಂದ ಕೂಡಲೇ ಅದೆಲ್ಲ ಅದಲುಬದಲಾಗುತ್ತದೆ ಎಂದಾಗ ಇವರು ಲೋಟವನ್ನು ಆಚೆ ಸರಿಸಿ, "ಹಾಗಾದರೆ ಈಗ ಉಪ್ಪು ಎಲ್ಲಿ?" ಎಂದು ಗಂಭೀರವಾಗಿ ಕೇಳಿದ್ದರು. ಹೆಂಡತಿಗೆ ಇಷ್ಟವಾದದ್ದನ್ನು ತಾನೂ ತಿಳಿದುಕೊಳ್ಳಬೇಕು ಅನ್ನುವ ಗಂಡಸಿನ ಪ್ರಶ್ನೆ ಅದು. ಆವತ್ತೇ ಇವರ ಮೇಲೆ ನನಗೆ ಗೌರವ ಹುಟ್ಟಿತು.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರು ಅದು, ಹಾಗಾಗಿ ಕ್ರಿಕೆಟ್ ನಮಗೆ ಊರಿನ ವಿಷಯ. ಆ ಕುಟುಂಬ ಬೆಂಗಳೂರು ಸೇರಿ ಎಷ್ಟೋ ವರ್ಷವಾಗಿದ್ದರೂ ವಿಶ್ವನಾಥ್ ಬ್ಯಾಟಿಂಗಿಗೆ ಇಳಿದರೆಂದರೆ ನಮ್ಮ ಸಾಲಿನ ಮನೆಗಳಲ್ಲಿ ಹೆಂಗಸರೂ ರೇಡಿಯೋ ಕಡೆ ಕಿವಿ ಕೊಡುತ್ತಿದ್ದರು. 1975ರ ಜನವರಿ, ಸಂಕ್ರಾಂತಿ ಹತ್ತಿರವಿತ್ತು. ಅಮ್ಮ ಎಳ್ಳು ಹುರಿಯುತ್ತಿದ್ದರು. ಮದರಾಸಿನಲ್ಲಿ ವೆಸ್ಟ್ ಇಂಡೀಸ್ ಎದುರು ಟೆಸ್ಟ್. ಆ್ಯಂಡಿ ರಾಬರ್ಟ್ಸ್ ಒಂದು ಕಡೆಯಿಂದ ವಿಕೆಟ್ ಕೀಳುತ್ತಲೇ ಇದ್ದ. ಅಪ್ಪ ಕ್ಯಾಲೆಂಡರಿನ ಹಿಂದಿನ ಖಾಲಿ ಬದಿಯಲ್ಲಿ ಪೆನ್ಸಿಲ್ಲಿನಿಂದ ಸ್ಕೋರು ಬರೆಯುತ್ತಿದ್ದರು. ವಿಶ್ವನಾಥ್ ಹೆಸರಿನ ಮುಂದೆ ಅಂಕಿಗಳು ಸಾಲಾಗಿ ಬೆಳೆಯುತ್ತಿದ್ದವು, ಉಳಿದವರ ಹೆಸರಿನ ಮುಂದೆ ಒಂದೆರಡು ಅಂಕಿ, ಆಮೇಲೆ ಗೀಟು. ಕೊನೆಗೆ ಬಂದವರು ಚಂದ್ರಶೇಖರ್. ಅವರೂ ಔಟಾದರು. ಭಾರತ 190. ರಾಬರ್ಟ್ಸ್‌ಗೆ 64 ರನ್ನಿಗೆ 7 ವಿಕೆಟ್. ವಿಶ್ವನಾಥ್ ಅಜೇಯ 97.

ಆ 97ರ ಬಗ್ಗೆ ನನಗೆ ಹೇಳುವುದು ಬಹಳವಿದೆ. ಯಾರಾದರೂ "ಅಯ್ಯೋ, ಮೂರು ರನ್ನಿಗೆ ನೂರು ತಪ್ಪಿತು" ಅಂದರೆ ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ತಪ್ಪಿದ್ದು ಏನು? ಔಟಾಗಿ 97ಕ್ಕೆ ನಿಂತದ್ದಲ್ಲ ಅದು. ಜೊತೆಗೆ ನಿಲ್ಲಲು ಯಾರೂ ಉಳಿಯದೆ ನಿಂತದ್ದು. ಅದೇ ಚೆಪಾಕ್‌ನಲ್ಲಿ 2016ರ ಡಿಸೆಂಬರಿನಲ್ಲಿ ನಮ್ಮ ಕರುಣ್ ನಾಯರ್ ಇಂಗ್ಲೆಂಡ್ ಎದುರು ಅಜೇಯ 303 ಹೊಡೆದರು, ಅದೇ ಇನ್ನಿಂಗ್ಸ್‌ನಲ್ಲಿ ರಾಹುಲ್ 199. ಆವತ್ತು ನಾನು ಕುಣಿದಿದ್ದೇನೆ. ಆದರೂ 303 ಒಂದು ಕಡೆ, 97 ಇನ್ನೊಂದು ಕಡೆ ಇಟ್ಟು ಯಾವುದು ಬೇಕು ಎಂದರೆ ನನ್ನ ಕೈ 97ರ ಕಡೆಗೇ ಹೋಗುತ್ತದೆ. 303 ಬಂದದ್ದು ತಂಡ 759 ಹೊಡೆದ ದಿನ. 97 ಬಂದದ್ದು ತಂಡವೆಲ್ಲ ಸೇರಿ 190 ಆದ ದಿನ, ಅಂದರೆ ಅರ್ಧಕ್ಕಿಂತ ಹೆಚ್ಚು ಆ ಒಬ್ಬ ಕುಳ್ಳ ಮನುಷ್ಯನ ಬ್ಯಾಟಿನಿಂದ. ರಾಬರ್ಟ್ಸ್ ಎಸೆದ ಚೆಂಡನ್ನು ಸ್ಕ್ವೇರ್ ಕಟ್ ಮಾಡಬೇಕಾದರೆ ಅದು ಬಂದು ತಲುಪುವ ಮುಂಚೆ ಹಿಂಗಾಲು ಆಫ್ ಸ್ಟಂಪಿನತ್ತ ಹೋಗಿ ಕೂತಿರಬೇಕು. ವಿಶ್ವನಾಥ್ ಕಟ್ ಹೊಡೆಯುವಾಗ ಮಣಿಕಟ್ಟು ಕೊನೆಯ ಗಳಿಗೆಯಲ್ಲಿ ಚೆಂಡಿನ ಮೇಲೆ ಹೊರಳುತ್ತಿತ್ತು, ಹಾಗಾಗಿ ಚೆಂಡು ಏಳದೆ ನೆಲ ಹಿಡಿದೇ ಓಡುತ್ತಿತ್ತು. ಮುಂದೆ ಅದನ್ನು ಕಣ್ಣಾರೆ ನೋಡುವ ಭಾಗ್ಯವೂ ಬಂತು. ರೇಡಿಯೋದಲ್ಲಿ ಕೇಳಿ ಕಟ್ಟಿಕೊಂಡ ಚಿತ್ರಕ್ಕಿಂತ ಒಂದು ಕೂದಲೆಳೆಯೂ ಕಡಿಮೆಯಿರಲಿಲ್ಲ. ಆ ಟೆಸ್ಟನ್ನು ಪ್ರಸನ್ನ ಮತ್ತಿತರರ ಸ್ಪಿನ್ನಿನಿಂದ ಭಾರತ ಗೆದ್ದು ಸರಣಿಯನ್ನು 2-2 ಮಾಡಿತು. ಗೆದ್ದದ್ದು ಸರಿಯಾಗಿ 100 ರನ್ನಿನಿಂದ. "ವಿಶ್ವನಾಥ್ ತನ್ನ ನೂರನ್ನು ತಂಡಕ್ಕೆ ಕೊಟ್ಟ" ಎನ್ನುತ್ತಿದ್ದರು ಅಪ್ಪ. ಆ ಕ್ಯಾಲೆಂಡರಿನ ಹಾಳೆಯನ್ನು ವರ್ಷ ಮುಗಿದ ಮೇಲೂ ಟ್ರಂಕಿನ ತಳದಲ್ಲಿ ಹಾಸಿಟ್ಟಿದ್ದರು.

ಅಂಥ ನೆಲವನ್ನು ನೋಡಬೇಕೆಂಬ ಆಸೆ ಎಷ್ಟೋ ವರ್ಷದ್ದು. 2024ರ ಸೆಪ್ಟೆಂಬರಿನ ಟೆಸ್ಟ್ ಗುರುವಾರ ಶುರುವಾಗುವುದಿತ್ತು. ಇವರೇ ಲೆಕ್ಕ ಹಾಕಿ, "ಶನಿವಾರ ಮೂರನೇ ದಿನ, ಭಾನುವಾರ ನಾಲ್ಕನೇ ದಿನ. ಟಿಕೆಟ್ಟು ತೆಗೆಸಲೇನೇ?" ಎಂದು ಕೇಳಿದರು. ಟೆಸ್ಟ್ ಗೊತ್ತಿದ್ದವರು ಮೂರನೇ ದಿನವನ್ನೇ ಆರಿಸುತ್ತಾರೆ. ಮೊದಲ ದಿನ ಯಾರ ಕೈ ಮೇಲೋ ತಿಳಿಯುವುದಿಲ್ಲ, ಐದನೆಯದು ಇರುತ್ತದೋ ಇಲ್ಲವೋ. ಶುಕ್ರವಾರ ಸಂಜೆಯ ಶತಾಬ್ದಿ ಹತ್ತಿದೆವು. ಮರೀನಾ ಬೀಚು, ಸೀರೆ ಅಂಗಡಿ, ಹೋಟೆಲು ಹೇಗಿತ್ತು, ಇವೆಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ.

ಗಂಡ ಹೆಂಡತಿ ಒಟ್ಟಿಗೆ ಕೂರುವುದಕ್ಕೆ ಟೆಸ್ಟ್ ಪಂದ್ಯಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಸಿನಿಮಾದಲ್ಲಿ ಮಾತಾಡುವ ಹಾಗಿಲ್ಲ. ಪ್ರವಾಸಿ ಜಾಗಗಳಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ, ಜೊತೆಗೆ ಸಮಯದ ಗಡಿಬಿಡಿ. ಇಲ್ಲಿ ಬೌಲರ್ ರನ್-ಅಪ್ಪಿನ ತುದಿಗೆ ನಡೆದು ಹೋಗುವಷ್ಟು ಹೊತ್ತು ನಿಮ್ಮದು. ಓವರು ಮುಗಿದು ಫೀಲ್ಡರುಗಳು ಈ ಕಡೆಯಿಂದ ಆ ಕಡೆಗೆ ಹೋಗುವಷ್ಟು ಹೊತ್ತು ನಿಮ್ಮದು. ಮಗನ ಕೆಲಸ, ಅತ್ತೆಯ ಮಂಡಿನೋವು, ಊರಿನ ಮನೆಗೆ ಹೊದಿಸಬೇಕಾದ ಹೆಂಚು, ಎಲ್ಲವೂ ಚೆಂಡು ಚೆಂಡಿನ ನಡುವೆ ಬಂದು ಹೋದವು. ಮನೆಯಲ್ಲಿ ತಿಂಗಳುಗಟ್ಟಲೆ ಬಗೆಹರಿಯದೆ ನಿಂತಿದ್ದ ಹೆಂಚಿನ ವಿಷಯ ಊಟದ ವಿರಾಮಕ್ಕೆ ಮುಂಚೆ ತೀರ್ಮಾನವಾಯಿತು.

ಶನಿವಾರದ ಆಟ ಪಂತ್‌ದು ಮತ್ತು ಗಿಲ್‌ದು. 2022ರ ಡಿಸೆಂಬರ್ 30ರ ಕಾರು ಅಪಘಾತದಲ್ಲಿ ಬದುಕಿ ಉಳಿದದ್ದೇ ಹೆಚ್ಚು ಅನ್ನಿಸಿಕೊಂಡ ಹುಡುಗನಿಗೆ ಅದು ಮತ್ತೆ ಆಡಿದ ಮೊದಲ ಟೆಸ್ಟ್. ಪಂತ್ 109, ಗಿಲ್ ಅಜೇಯ 119. ಒಂದು ಗಳಿಗೆ ನನ್ನ ಕಣ್ಣಲ್ಲಿ ಹಾಗೇ ಇದೆ. ಪಂತ್ ಬ್ಯಾಟು ಹಿಡಿದು ನಿಂತವರು ಹಿಂದೆ ಸರಿದು ಮಿಡ್‌ವಿಕೆಟ್ ಕಡೆ ಕೈ ತೋರಿಸಿದರು. ಏನು ಹೇಳುತ್ತಿದ್ದಾರೆಂದು ನಮ್ಮ ಸ್ಟ್ಯಾಂಡಿಗೆ ಕೇಳಿಸುವ ಹಾಗಿರಲಿಲ್ಲ. ನೋಡಿದರೆ ಬಾಂಗ್ಲಾದೇಶದ ಫೀಲ್ಡರ್ ಒಬ್ಬ ಮೆಲ್ಲಗೆ ನಡೆದು ಅಲ್ಲಿಗೇ ಹೋಗಿ ನಿಂತ! ಇಲ್ಲೊಬ್ಬ ಬೇಕು ಎಂದು ಎದುರಾಳಿಗೆ ಪಂತ್ ಹೇಳಿದ್ದರು, ಅವರ ನಾಯಕ ಒಪ್ಪಿದ್ದರು. ಆಟದ ಬಗ್ಗೆ ಇರುವ ಪ್ರೀತಿ ಗೆಲುವಿನ ಆಸೆಯನ್ನು ಒಂದು ಕ್ಷಣ ದಾಟಿಹೋಗುವುದು ಅಂದರೆ ಇದು. ಫೀಲ್ಡರ್ ಜಾಗ ಬದಲಿಸಿದ್ದನ್ನು ಮೊದಲು ಕಂಡವರು ಇವರು. ನನ್ನ ಮೊಣಕೈ ತಟ್ಟಿ, "ಉಪ್ಪು ಆ ಕಡೆ ಹೋಯಿತು ನೋಡು" ಅಂದರು.

ಭಾನುವಾರ ಊಟದ ವಿರಾಮಕ್ಕೆ ಮುಂಚೆಯೇ ಪಂದ್ಯ ಮುಗಿಯಿತು. ಮೊದಲ ಇನ್ನಿಂಗ್ಸ್‌ನಲ್ಲಿ 113 ಹೊಡೆದಿದ್ದ ಅಶ್ವಿನ್ ತನ್ನೂರಿನ ಜನರ ಮುಂದೆ 6 ವಿಕೆಟ್ ತೆಗೆದರು, ಭಾರತ 280 ರನ್ನಿನಿಂದ ಗೆದ್ದಿತು. ವಾಪಸು ಹೊರಡುವ ಮೇಲ್ ರಾತ್ರಿಗೆ. ಇನ್ನುಳಿದ ಹೊತ್ತು ಇವರದು. ತಿರುವಲ್ಲಿಕೇಣಿಯ ರತ್ನಾ ಕೆಫೆಯಲ್ಲಿ ಸಾಂಬಾರಿನಲ್ಲಿ ಮುಳುಗಿದ ಇಡ್ಲಿ ತಿಂದು, ಬಿಸಿಲು ಇಳಿದ ಮೇಲೆ ಪಾರ್ಥಸಾರಥಿ ದೇವಸ್ಥಾನಕ್ಕೆ ಹೋದೆವು. ಚೆಪಾಕ್‌ನಿಂದ ನಡೆದು ಹೋಗುವಷ್ಟು ಹತ್ತಿರ.

ಅಲ್ಲಿಯ ಮೂಲಮೂರ್ತಿಗೆ ಮೀಸೆಯಿದೆ. ಕೈಯಲ್ಲಿ ಶಂಖವಿದೆ, ಚಕ್ರವಿಲ್ಲ. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲ ಎಂದು ಮಾತು ಕೊಟ್ಟ ಕೃಷ್ಣ ಅವನು, ರಥ ಹೊಡೆಯುವವನು. ಉತ್ಸವಮೂರ್ತಿಯ ಮುಖದ ಮೇಲೆ ಕಲೆಗಳಿವೆ. ಭೀಷ್ಮನ ಬಾಣ ತಗುಲಿದ ಗಾಯದ ಗುರುತು ಎಂದು ಅಲ್ಲಿಯವರು ಹೇಳುತ್ತಾರೆ. ಇವರು ಶಿಲ್ಪದ ಬಗ್ಗೆ ಏನೋ ವಿವರಿಸುತ್ತಿದ್ದರು, ನನ್ನ ಮನಸ್ಸು ಆ ಕಲೆಗಳ ಹತ್ತಿರವೇ ನಿಂತಿತು. ಬಿಲ್ಲು ಹಿಡಿದವನು ಅರ್ಜುನ, ಕಾದಿದವನು ಅರ್ಜುನ. ಪಕ್ಕದಲ್ಲಿ ಬರಿಗೈಯಲ್ಲಿ ಕೂತವನ ಮುಖಕ್ಕೆ ಗಾಯ. ಭದ್ರಾವತಿಯಲ್ಲಿ ಗಮಕಿಗಳು ಕುಮಾರವ್ಯಾಸನ ಭೀಷ್ಮಪರ್ವ ವಾಚಿಸುವಾಗ ಕೃಷ್ಣ ಕೊಟ್ಟ ಮಾತನ್ನೂ ಮರೆತು ಚಕ್ರ ಹಿಡಿದು ರಥದಿಂದ ಧುಮುಕುವ ಭಾಗ ಬಂದರೆ ಅಪ್ಪ ಕೂತಲ್ಲೇ ಮುಂದಕ್ಕೆ ಜರುಗುತ್ತಿದ್ದರು. ನೋಡುತ್ತ ಕೂತವನಿಗೆ ತಡೆಯಲಾಗದೆ ಹೋಗುವ ಆ ಗಳಿಗೆ ಪಂದ್ಯ ನೋಡುವವರಿಗೆಲ್ಲ ಗೊತ್ತು.

ನನಗೆ ಅಂಥ ಗಾಯ ಆದದ್ದೂ ಚೆಪಾಕ್‌ನಿಂದಲೇ. 1999ರ ಜನವರಿ 31, ಭಾನುವಾರ, ಪಾಕಿಸ್ತಾನದ ಎದುರು. ಭಾರತ ತಂಡದಲ್ಲಿ ನಮ್ಮ ಕರ್ನಾಟಕದವರು ಐವರು: ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್, ಸುನಿಲ್ ಜೋಶಿ. ಎರಡನೇ ಇನ್ನಿಂಗ್ಸ್‌ನಲ್ಲಿ ಪ್ರಸಾದ್ 33 ರನ್ನಿಗೆ 6 ವಿಕೆಟ್ ತೆಗೆದಿದ್ದರು. ಗುರಿ 271. ಸಚಿನ್ ಬೆನ್ನುನೋವಿನಲ್ಲೇ 136 ಹೊಡೆದು ಔಟಾದ ಮೇಲೆ ಉಳಿದದ್ದು ನಮ್ಮ ಹುಡುಗರ ಪಾಲಿಗೆ. ಕೊನೆಗೆ ಶ್ರೀನಾಥ್ ಸಕ್ಲೇನ್ ಚೆಂಡನ್ನು ತಡೆದರು. ತಡೆದ ಚೆಂಡು ಹಿಂದಕ್ಕೆ ಉರುಳಿ ಸ್ಟಂಪಿಗೆ ತಾಗಿತು. 12 ರನ್ನಿನ ಸೋಲು. ಟಿವಿ ಮುಂದೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ನನಗೆ ಅಳು ಬಂತು. ಆಗ ಚೆಪಾಕ್‌ನ ಜನ ಎದ್ದು ನಿಂತರು. ಗೆದ್ದ ಪಾಕಿಸ್ತಾನಕ್ಕೆ ಚಪ್ಪಾಳೆ ತಟ್ಟತೊಡಗಿದರು. ಆಟಗಾರರು ಮೈದಾನ ಸುತ್ತಿದರು, ಚಪ್ಪಾಳೆ ನಿಲ್ಲಲೇ ಇಲ್ಲ. ಅಷ್ಟು ನೋವಿನಲ್ಲಿ ಅಷ್ಟು ದೊಡ್ಡ ಮನಸ್ಸು ತೋರಿಸಲು ಆಟವನ್ನು ಎಷ್ಟು ಪ್ರೀತಿಸಿರಬೇಕು!

ಆ ಪ್ರೀತಿಯನ್ನು ಹುಚ್ಚು ಎಂದು ಕರೆದು ಪಕ್ಕಕ್ಕಿಡುವುದು ಸುಲಭ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟರು. ನಮ್ಮ ಬೆಂಗಳೂರಿನ ತಂಡ ಐಪಿಎಲ್ ಶುರುವಾದಂದಿನಿಂದ ಕಾದು ಹಿಂದಿನ ರಾತ್ರಿ ಮೊದಲ ಸಲ ಕಪ್ ಗೆದ್ದಿತ್ತು, ಅದನ್ನು ನೋಡಲು ಹೊರಟವರು, ಹೆಚ್ಚಿನವರು ಎಳೆಯ ವಯಸ್ಸಿನವರು. ಸಂಜೆಯ ಹೊತ್ತಿಗೆ ನಮ್ಮ ಬೀದಿಯಲ್ಲೇ ಕೇಳಿಸಿತು: "ಅಲ್ಲಿಗೆ ಯಾಕೆ ಹೋಗಬೇಕಿತ್ತು?" ನನಗೆ ಇವತ್ತಿಗೂ ಆ ಪ್ರಶ್ನೆ ಕೇಳಿದರೆ ಮೈ ಉರಿಯುತ್ತದೆ. ಸಂತೋಷವಾಗಿದೆ ಎಂದು ಹೋದರು. ಜಾತ್ರೆಗೆ, ತೇರಿಗೆ ಹೋಗುವವರನ್ನು ಯಾಕೆ ಹೋದಿರಿ ಎಂದು ನಾವು ಕೇಳುವುದಿಲ್ಲ, ದಾರಿ ಮಾಡಿಕೊಡುತ್ತೇವೆ, ನೀರು ಕೊಡುತ್ತೇವೆ. ಕ್ರೀಡಾಂಗಣದ ಗೇಟಿನ ಮುಂದೆ ನಿಂತವರಿಗೂ ಅಷ್ಟು ಸಲ್ಲಬೇಕಿತ್ತು.

ಎದುರುಮನೆಯ ಮಗಳು ಅಳಿಯ ಹೋಗುವಾಗ ಚೆಪಾಕ್‌ನಲ್ಲಿ ಪಂದ್ಯವಿರಲಿಕ್ಕಿಲ್ಲ. ಇದ್ದರೂ ಅವರಿಗೆ ಬೇಕೋ ಬೇಡವೋ. ಆದರೂ ಒಂದು ವಿಷಯ ಆ ಹುಡುಗಿಗೆ ಹೇಳಬೇಕು ಅಂದುಕೊಂಡಿದ್ದೇನೆ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು ಚೆಪಾಕ್‌ನಲ್ಲಿ, 1934ರ ನವೆಂಬರ್ 4ರಂದು, ಮದರಾಸಿಗೂ ನಮ್ಮ ಮೈಸೂರಿಗೂ. ಮೈಸೂರು ಮೊದಲು 48, ಆಮೇಲೆ 59. ನಡುವೆ ಮದರಾಸು ಹೊಡೆದದ್ದು 130 ಅಷ್ಟೇ, ಅದೇ ಸಾಕಾಯಿತು. ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ತೆಗೆದು ಪಂದ್ಯವನ್ನು ಒಂದೇ ದಿನದಲ್ಲಿ ಮುಗಿಸಿಬಿಟ್ಟರು. ನಮ್ಮ ಸೀಮೆಯಿಂದ ರೈಲು ಹತ್ತಿ ಆ ಪಂದ್ಯ ನೋಡಲು ಹೋದವರು ಯಾರಾದರೂ ಇದ್ದಿರಬೇಕಲ್ಲ. ಅವರಲ್ಲಿ ಗಂಡ ಹೆಂಡತಿಯರಿದ್ದರೇ? ಎರಡು ಮೂರು ದಿನಕ್ಕೆಂದು ಬುತ್ತಿ ಕಟ್ಟಿಕೊಂಡು ಹೋಗಿ, ಒಂದೇ ದಿನಕ್ಕೆ ಆಟ ಮುಗಿದ ಮೇಲೆ ಉಳಿದ ದಿನಗಳನ್ನು ಆ ಊರಿನಲ್ಲಿ ಹೇಗೆ ಕಳೆದರು? ಹೆಂಡತಿ ಸೋಲಿನ ಸಂಕಟದಲ್ಲಿದ್ದರೆ ಗಂಡ ಅವಳನ್ನು ತಿರುವಲ್ಲಿಕೇಣಿಗೆ ಕರೆದುಕೊಂಡು ಹೋಗಿರಬಹುದು. ಅಥವಾ ನೇರ ಸ್ಟೇಷನ್ನಿಗೆ ಹೋಗಿ, ಸಿಕ್ಕ ರೈಲು ಹತ್ತಿ, ಜೋಲಾರಪೇಟೆ ದಾಟುವವರೆಗೂ ಆ 48ರಲ್ಲಿ ಯಾರು ಎಷ್ಟು ಹೊಡೆದರು ಎಂದು ಲೆಕ್ಕ ಹಾಕುತ್ತ ಬಂದರೋ ಏನೋ.